ಬೆಳಕು ಎನ್ನದ ಕಾಕಿ

ಕಾಕಿಯ ಕೆಳತುಟಿಯ ನಡುವೆ ಒಂದು ಕಪ್ಪು ಗೀರು ಇತ್ತು. ಬಿದ್ದು ಆದ ಗಾಯವಲ್ಲ, ಹಲ್ಲಿನಿಂದ ಕಚ್ಚಿ ಕಚ್ಚಿ ಕೂತುಬಿಟ್ಟ ಗೀರು. ಗಂಡನ ಹೆಸರು ಬಾಯಿಗೆ ಬಂದಾಗಲೆಲ್ಲ ಆಕೆ ಗಪ್ಪನೆ ತುಟಿ ಕಚ್ಚುತ್ತಿದ್ದಳು. ಮದುವೆಯಾಗಿ ಬಂದ ಹೊಸತರಲ್ಲಿ ದಿನಕ್ಕೆ ಎಷ್ಟು ಸಲ ಕಚ್ಚಿದಳೋ, ನಾನು ನೋಡುವ ಹೊತ್ತಿಗೆ ಆ ಗೀರು ಆಕೆಯ ಮುಖದ ಭಾಗವೇ ಆಗಿತ್ತು.

ಕಾಕಿ ಎಂದರೆ ಚಿಕ್ಕಮ್ಮ, ಆದರೆ ರಕ್ತಸಂಬಂಧವಲ್ಲ. ವಾಡಿಯಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯೊಳಗೆ ನಮ್ಮ ಮನೆಗೂ ಆಕೆಯ ಮನೆಗೂ ನಡುವೆ ಒಂದೇ ಗೋಡೆ. ಜೋಳದ ರೊಟ್ಟಿ ಬಡಿದು ಸ್ಟೇಷನ್ ಹತ್ತಿರದ ಖಾನಾವಳಿಗೆ ಕೊಡುತ್ತಿದ್ದಳು. ಆಕೆಗೆ ಮಕ್ಕಳಿರಲಿಲ್ಲ. ನಾನು ಅರ್ಧ ದಿನ ಅಲ್ಲೇ ಬಿದ್ದಿರುತ್ತಿದ್ದೆ.

ಗಂಡನ ಹೆಸರು ಪ್ರಕಾಶ. ಹೆಂಡತಿಯಾದವಳು ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ನಮ್ಮ ಕಡೆಯ ಹಳೆಯ ನಂಬಿಕೆ. ಮದುವೆ, ಬಸುರಿಯ ಕುಬಸದಂಥ ಕಾರ್ಯಗಳಲ್ಲಿ ಮಾತ್ರ ಒಡಪು ಕಟ್ಟಿ, ಆ ಪದ್ಯದೊಳಗೆ ಹೆಸರು ಸೇರಿಸಿ ಹೇಳಬಹುದು. ಕಾಕಿಯ ಅತ್ತೆ ಇಷ್ಟಕ್ಕೇ ನಿಲ್ಲಲಿಲ್ಲ. ಹೆಸರಷ್ಟೇ ಅಲ್ಲ, ಆ ಹೆಸರಿನ ಅರ್ಥವನ್ನೂ ಸೊಸೆ ಆಡಬಾರದು ಎಂದಳು. ಹಾಗಾಗಿ ‘ಬೆಳಕು’ ಹೋಯಿತು. ಅದರ ಜೊತೆಗೇ ‘ಬೆಳಗಾಯಿತು’ ಕೂಡ ಹೋಯಿತು. ಹಿತ್ತಲ ಮನೆಯವರ ದಖನಿ ಉರ್ದುವಿನಿಂದ ಕಾಕಿ ‘ಉಜಾಲಾ’ ತಂದಳು. ಸೇಡಂ ಕಡೆಯ ಗೆಳತಿಯಿಂದ ತೆಲುಗಿನ ‘ವೆಲುಗು’ ತಂದಳು. ಅತ್ತೆ ಸಂತೆ ಸಂತೆ ತಿರುಗಿ ಬಟ್ಟೆ ಮಾರಿದವಳು, ಎರಡೂ ಭಾಷೆ ಬಲ್ಲವಳು. ಎರಡನ್ನೂ ಕಸಿದುಕೊಂಡಳು. ಕೊನೆಗೆ ಉಳಿದದ್ದು ‘ಲೈಟ್’.

“ಅದು ಬಲ್ಬಿನ ಹೆಸರು, ನನ್ನ ಮಗಂದಲ್ಲ. ಅದನ್ನ ಬೇಕಾದ್ರ ಅನ್ನು” ಎಂದು ಅಪ್ಪಣೆ ಆಯಿತಂತೆ.

ಸತ್ತವರ ಮೇಲೆ ಸಿಟ್ಟಿಟ್ಟುಕೊಳ್ಳಬಾರದು ಅನ್ನುತ್ತಾರೆ. ಆ ಮುದುಕಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಹೀಗೆ ಕಾಕಿಯ ಬಾಯಲ್ಲಿ ಆ ಒಂದು ಇಂಗ್ಲಿಷ್ ಶಬ್ದ ಇಡೀ ಸಂಸಾರ ಹೊತ್ತಿತು. ನಸುಕಿನಲ್ಲಿ ಗೋಡೆಯಾಚೆಯಿಂದ “ಏಳವ್ವಾ, ಲೈಟ್ ಆತು” ಎಂದು ಕೂಗುತ್ತಿದ್ದಳು. ಹುಣ್ಣಿಮೆ ದಿನ “ಅಂಗಳದಾಗ ಚಂದ್ರನ ಲೈಟ್ ಹೆಂಗ ಬಿದ್ದದ ನೋಡು” ಅನ್ನುತ್ತಿದ್ದಳು. ನನಗೆ ಗಣಿತ ತಿಳಿದರೆ “ಈಗ ತಲ್ಯಾಗ ಲೈಟ್ ಬಿತ್ತೇನು?” ಎಂದು ಕೇಳುವಳು. ಇವುಗಳ ಜೊತೆಗೆ ಎಲ್ಲರೂ ಆಡುವ ಲೈಟುಗಳೂ ಇದ್ದವು. ಹಾಲು ಹೆಚ್ಚಾದರೆ ಲೈಟ್ ಚಾ, ಮಾಸಿದರೆ ಲೈಟ್ ಬಣ್ಣದ ಸೀರೆ, ಎಳ್ಳಮಾವಾಸ್ಯೆ ಹೊತ್ತಿಗೆ ಲೈಟಾಗಿ ಥಂಡಿ, ರೊಟ್ಟಿಯ ಗಂಟು ಸಣ್ಣದಾದ ದಿನ “ಇವತ್ತು ತಲಿಮ್ಯಾಲ ಲೈಟ್ ಅದ”. ಹೈದರಾಬಾದಿಗೆ ದುಡಿಯಲು ಹೋಗಿಬಂದ ಹುಡುಗರು ಯಾವುದಕ್ಕೂ “ಲೈಟ್ ತಗೋ”, ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ, ಅನ್ನುತ್ತಿದ್ದರು. ಅದನ್ನೂ ಕಲಿತುಬಿಟ್ಟಳು. ಗಲ್ಲಿಯ ನಾವೆಲ್ಲ ಆಕೆಯನ್ನು ಲೈಟ್ ಕಾಕಿ ಎಂದೇ ಕಾಡಿಸುತ್ತಿದ್ದೆವು.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಸರ್ ಆ ಶಬ್ದದ ಅರ್ಥ ಕೇಳಿದಾಗ ನಾನು ನಿಂತು ಕಾಕಿಯ ಲೈಟುಗಳನ್ನೆಲ್ಲ ಒಂದೊಂದಾಗಿ ಒಪ್ಪಿಸಿದೆ. ಬೆಳಕು, ದೀಪ, ಹಗುರ, ತಿಳಿಬಣ್ಣ, ತುಸು, ತಿಳಿವಳಿಕೆ. ಕ್ಲಾಸು ನಕ್ಕಿತು, ಸರ್ ನಗಲಿಲ್ಲ. ದಪ್ಪ ಡಿಕ್ಷನರಿ ತರಿಸಿ ತೋರಿಸಿದರು. ನಾನು ಹೇಳಿದ್ದೆಲ್ಲ ಅದರಲ್ಲಿತ್ತು, ಹೇಳದೆ ಬಿಟ್ಟಿದ್ದೂ ಇತ್ತು. ಗಾಡಿಯಿಂದ ಇಳಿಯುವುದಕ್ಕೂ ಬೆಂಕಿ ಹಚ್ಚುವುದಕ್ಕೂ ಅದೇ ಶಬ್ದ. ಸಂಜೆ ಓಡಿಹೋಗಿ ಕಾಕಿಗೆ ಹೇಳಿದೆ. ಆಕೆ ಹಿಟ್ಟಿನ ಕೈಯನ್ನು ಹಾಗೇ ಗಲ್ಲಕ್ಕಿಟ್ಟುಕೊಂಡಳು.

“ನಮ್ಮತ್ತಿ ನನಗ ಒಂದು ಮಾತು ಬ್ಯಾಡಂದ್ಳು. ಇಂಗ್ಲೀಷಿನವ್ರು ಇಷ್ಟು ಕೊಟ್ಟಾರಲ್ಲವ್ವಾ!”

ನಾನು ಇಂಗ್ಲಿಷ್ ಓದಬೇಕೆಂದು ನಿಶ್ಚಯಿಸಿದ್ದು ಆ ಒಲೆಯ ಮುಂದೆ.

ಕಾಕಿಯ ಗಂಡ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಕೆಲಸಕ್ಕೆ ಹೋಗುತ್ತಿದ್ದ. ಸಂಜೆಯ ಪ್ಯಾಸೆಂಜರಿನಲ್ಲಿ ಹುಬ್ಬಿನ ತನಕ ಕಲ್ಲಿನ ಪುಡಿ ಮೆತ್ತಿಕೊಂಡು ಬರುವನು. ಹೆಚ್ಚು ಮಾತಿಲ್ಲದ ಮನುಷ್ಯ. ಒಂದು ದಿನ ನಿಲ್ಲಿಸಿಟ್ಟ ಚಪ್ಪಡಿ ಜಾರಿ ತಲೆಗೆ ಬಡಿಯಿತು. ಗಾಯ ಮಾಯಿತು, ಆದರೆ ಮನುಷ್ಯ ಮೊದಲಿನಂತಾಗಲಿಲ್ಲ. ಮನೆಯ ದಾರಿ ಮರೆಯುತ್ತಿದ್ದ. ಹೆಂಡತಿಯ ಮುಖ ನೋಡಿ “ಯಾರು ಬೇಕಾಗಿತ್ರಿ?” ಎಂದು ಕೇಳುತ್ತಿದ್ದ. ಆದರೆ ಯಾರಾದರೂ “ಪ್ರಕಾಶ” ಎಂದು ಕೂಗಿದರೆ ಮಾತ್ರ ತಿರುಗುತ್ತಿದ್ದ. ಎಲ್ಲ ಮರೆತರೂ ಹೆಸರು ಮರೆತಿರಲಿಲ್ಲ. ನಾನು ಪಿಯುಸಿಯಲ್ಲಿದ್ದಾಗ ಒಂದು ಬೆಳಿಗ್ಗೆ ಕ್ಷೌರಕ್ಕೆಂದು ಹೋದವನು ತಿರುಗಿ ಬರಲಿಲ್ಲ.

ಅಪ್ಪ, ನಾನು, ಕಾಕಿ ಪೊಲೀಸ್ ಠಾಣೆಗೆ ಹೋದೆವು. ಜಮಾದಾರರು ಆಕೆಯನ್ನೇ ಕೇಳಿದರು, “ನಿನ್ನ ಗಂಡನ ಹೆಸರೇನವ್ವಾ?” ಕಾಕಿ ತುಟಿ ಕಚ್ಚಿದಳು. ನಾನು ಬಾಯಿ ತೆರೆಯುವುದರೊಳಗೆ ಅವರು, “ನೀ ಸುಮ್ಮನಿರು, ಹೆಂಡತಿನೇ ಹೇಳಬೇಕು” ಎಂದು ಗದರಿದರು. ಆಗ ಕಾಕಿ ತಲೆಯ ಮೇಲೆ ಸೆರಗು ಹೊದ್ದು, ಕಣ್ಣು ನೆಲಕ್ಕೆ ನೆಟ್ಟು, ತನ್ನ ಮದುವೆಯಲ್ಲಿ ಹೇಳಿದ ಒಡಪನ್ನೇ ಹೇಳಿದಳು.

“ಬಿಸಿ ರೊಟ್ಟಿ ಮ್ಯಾಲ ಇಟ್ಟೀನಿ ಬೆಣ್ಣಿ ಮುದ್ದಿ, ಪ್ರಕಾಶರು ಮನಿಗಿ ಬರೋತನಕ ನನಗಿಲ್ಲ ನಿದ್ದಿ.”

ಠಾಣೆಯಲ್ಲಿ ಇದ್ದವರೆಲ್ಲ ನಕ್ಕರು. ಜಮಾದಾರರು ಮಾತ್ರ ಪೆನ್ನಿನ ಮುಚ್ಚಳ ತೆಗೆದು ರಿಜಿಸ್ಟರ್ ಎಳೆದುಕೊಂಡರು. ಆಮೇಲೆ, “ಕುಂದ್ರವ್ವಾ, ಬರಕೊಳ್ತೀನಿ” ಎಂದರು.

ಚಿತ್ತಾಪುರ, ಸೇಡಂ, ಚಿಂಚೋಳಿ ಎಂದು ಅಪ್ಪ ಆತನ ಫೋಟೋ ಹಿಡಿದು ತಿರುಗಿದರು. ಕಾಕಿ ರೊಟ್ಟಿ ಬಡಿಯುವುದನ್ನು ಬಿಡಲಿಲ್ಲ, ಸ್ಟೇಷನ್ನಿಗೆ ಹೋಗುವುದನ್ನೂ ಬಿಡಲಿಲ್ಲ. ಮರುವರ್ಷ ಬೇಸಿಗೆಯ ಒಂದು ಮಧ್ಯಾಹ್ನ ಬರಿಗಾಲಲ್ಲಿ ನಮ್ಮ ಮನೆಗೆ ಬಂದು ಪಡಸಾಲೆಯಲ್ಲಿ ಕುಸಿದಳು. ಗಂಡನನ್ನು ಕಂಡಿದ್ದಳು. ಆಗಲೇ ಹೊರಟ ಗಾಡಿಯೊಂದರ ಜನರಲ್ ಡಬ್ಬಿಯ ಬಾಗಿಲಲ್ಲಿ, ಗಡ್ಡ ಬಿಟ್ಟುಕೊಂಡು ನಿಂತಿದ್ದನಂತೆ. ಕಾಕಿ ರೊಟ್ಟಿಯ ಗಂಟು ಒಗೆದು ಗಾಡಿಯ ಜೊತೆ ಓಡಿದಳು. “ರೀ! ಇಲ್ಲಿ ನೋಡ್ರಿ! ರೀ!” ಎಂದು ಕೂಗಿದಳು. ನಮ್ಮ ಕಡೆ ಯಾವ ಹೆಂಡತಿ ಗಂಡನನ್ನು ‘ರೀ’ ಅನ್ನುವುದಿಲ್ಲ? ಪ್ಲಾಟ್‌ಫಾರ್ಮಿನ ಅರ್ಧ ಗಂಡಸರು ತಿರುಗಿದರು. ಬಾಗಿಲಲ್ಲಿ ನಿಂತವನು ತಿರುಗಲಿಲ್ಲ.

ಅವ್ವ ತಡೆಯಲಾರದೆ ಬೈದಳು. “ಹೆಸರು ಹಿಡದು ಕರೀಬೇಕಿಲ್ಲೇನಕ್ಕಾ! ಹೆಸರಿಗಿ ಓಗೊಡ್ತಿದ್ರಲ್ಲ!”

ಕಾಕಿಯ ತುಟಿಯಿಂದ ರಕ್ತ ಇಳಿಯುತ್ತಿತ್ತು. “ಒಡಪು ಹೇಳಿ ಮುಗಸೋದ್ರಾಗ ಗಾಡಿ ಹೋಗ್ತಿತ್ತವ್ವಾ. ಬರೇ ಹೆಸರು ಹಿಡದು ಕರದು, ಅವರು ತಿರುಗಿ, ಅಲ್ಲೇ ಏನರ ಆಗಿದ್ರ? ಬಾಗಿಲದಾಗ ನಿಂತಿದ್ರು. ಗಾಡಿ ಓಡಲಿಕತ್ತಿತ್ತು.”

ಅವ್ವ ಒಳಗಿಂದ ನೀರು ತಂದಳು. ಸೆರಗಿನ ತುದಿ ಒದ್ದೆ ಮಾಡಿ ಆಕೆಯ ತುಟಿ ಒರೆಸಿದಳು. ಅಪ್ಪ ಮುಂದಿನ ಸ್ಟೇಷನ್ನುಗಳಿಗೆ ಫೋನ್ ಮಾಡಿಸಿದರು. ಅಂಥವರು ಯಾರೂ ಇಳಿದಿಲ್ಲ ಎಂದರು.

ನಾನು ಕಲಬುರಗಿಗೆ ಡಿಗ್ರಿ ಓದಲು ಹೋದೆ. ಮೊದಲ ರಜೆಗೆ ಬಂದು ವಾಡಿಯಲ್ಲಿ ಇಳಿದಾಗ ಪ್ಲಾಟ್‌ಫಾರ್ಮಿನ ತುದಿಯಿಂದ ಒಂದು ಹೆಣ್ಣುದನಿ ಕೇಳಿಸಿತು. “ಪ್ರಕಾಶಾ! ಏ ಪ್ರಕಾಶಾ!” ಕಾಕಿ. ಓಣಿಯಲ್ಲಿ ಆಡುವ ಹುಡುಗನನ್ನು ಊಟಕ್ಕೆ ಕರೆದಂತೆ ಏಕವಚನದಲ್ಲಿ ಕೂಗುತ್ತಿದ್ದಳು. ಜನ್ಮದಲ್ಲೇ ಕರೆಯದವಳು, ಆ ಹೆಸರಿಗೆ ಮರ್ಯಾದೆ ಹಚ್ಚಿ ಕೂಗುವುದು ಹೇಗೆಂದು ಆಕೆಗೆ ಗೊತ್ತಿರಲಿಲ್ಲ. ಪ್ರಕಾಶರಿಗೆ ಈ ನಾಡಿನಲ್ಲಿ ಬರವೇ? ಗಾಡಿ ಗಾಡಿಗೂ ಒಬ್ಬಿಬ್ಬರು ಕಿಟಕಿಯಿಂದ ಇಣುಕುತ್ತಿದ್ದರು. ಒಬ್ಬ ಇಳಿದೇ ಬಂದು, “ಯಾರು ಬೇಕಾಗಿತ್ತಬೇ?” ಎಂದು ಕೇಳಿದ. ಕಾಕಿ ಅವನ ಮುಖವನ್ನು ಚೆನ್ನಾಗಿ ನೋಡಿ, “ನೀನಲ್ಲ ಬಿಡಪ್ಪಾ, ಹೋಗು, ಗಾಡಿ ಬಿಡ್ತದ” ಎಂದು ಕಳಿಸಿದಳು.

ನಾನು ಎಂ.ಎ. ಮುಗಿಸುವವರೆಗೂ ಆಕೆ ಹಾಗೆ ಕೂಗಿದಳು. ಬಿಸಿಲು, ಮಳೆ ನೋಡಲಿಲ್ಲ. ಆಮೇಲೆ ಒಂದು ದಿನ ನಿಲ್ಲಿಸಿದಳು. ಸುದ್ದಿ ಬರಲಿಲ್ಲ, ಹೆಣ ಸಿಗಲಿಲ್ಲ, ಯಾರೂ ಏನೂ ಹೇಳಲಿಲ್ಲ. ಸುಮ್ಮನೆ ಮನೆಗೆ ಬಂದು ಕೈಯ ಹಸಿರು ಬಳೆಗಳನ್ನು ತಾನೇ ಒಳಕಲ್ಲಿಗೆ ಬಡಿದುಕೊಂಡಳು. ನಾನು ಓಡಿಹೋಗಿ ಕೈ ಹಿಡಿದೆ.

“ಬಿಡವ್ವಾ” ಎಂದಳು. “ಒಮ್ಮಿ ಹೇಳಿದ್ರ ಆಯುಷ್ಯ ಕಡಿಮಿ ಆಗ್ತದಂತ. ನಾ ಎಷ್ಟು ಸಲ ಕರದೀನಿ ನೀನೇ ನೋಡೀದಿ. ಇನ್ನ ಎಲ್ಲಿಂದ ಉಳೀತದ? ನಾನೇ ತೀರಿಸಿಬಿಟ್ಟೆ.”

ಅದು ಹಾಗಲ್ಲ, ಅದೆಲ್ಲ ಸುಳ್ಳು ಎಂದು ನಾನು ಎಷ್ಟೋ ಹೇಳಿದೆ. ಪದವಿ ಪಡೆದವಳ ಬಾಯಲ್ಲಿ ಬರುವ ಮಾತುಗಳನ್ನೆಲ್ಲ ಆಡಿದೆ. ಆಕೆ ಸಮಾಧಾನದಿಂದ ಕೇಳಿಸಿಕೊಂಡು ಬಳೆಚೂರು ಗುಡಿಸಿದಳು. ಮರುದಿನ ನಸುಕಿನಲ್ಲಿ ಗೋಡೆಯಾಚೆಯಿಂದ ಎಂದಿನಂತೆ ಕೂಗು ಬಂತು.

“ಏಳವ್ವಾ, ಬೆಳಗಾತು.”

ಆ ಶಬ್ದವನ್ನು ಆಕೆಯ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನಾನು ಹಾಸಿಗೆಯಲ್ಲೇ ಕೂತು ಅತ್ತುಬಿಟ್ಟೆ. ಆಮೇಲೆ ಆಕೆ ಎಲ್ಲರಂತೆ ಬೆಳಕು ಅಂದಳು, ಬೆಳದಿಂಗಳು ಅಂದಳು. ಆ ಮಾತುಗಳನ್ನು ಇನ್ನು ಯಾರಿಗಾಗಿ ಬಚ್ಚಿಡಬೇಕಿತ್ತು? ತುಟಿಯ ಗೀರೂ ನಿಧಾನವಾಗಿ ಮಾಸಿತು. ಹೋದ ಶ್ರಾವಣಕ್ಕೆ ಮುಂಚೆ ಕಾಕಿ ತೀರಿಕೊಂಡಳು. ಮಣ್ಣಿಗೆ ಹೋದವರು ಗಲ್ಲಿಯವರಷ್ಟೇ.

ಈಗ ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನನ್ನ ಗಂಡನನ್ನು ಹೆಸರು ಹಿಡಿದೇ ಕರೆಯುತ್ತೇನೆ, ಸ್ವಲ್ಪ ಜೋರಾಗಿಯೇ. ಅತ್ತೆಯವರಿಗೆ ಅದು ಸೇರುವುದಿಲ್ಲ. ನಾನು ಬಿಡುವುದಿಲ್ಲ, ಕಾಕಿಯಿಂದ ಕಲಿತದ್ದು ಅದು.

ತವರಿಗೆ ಹೋಗುವಾಗ ವಾಡಿ ಸ್ಟೇಷನ್ನಿನಲ್ಲಿ ಯಾರಾದರೂ ‘ಪ್ರಕಾಶ್’ ಎಂದು ಕೂಗಿದರೆ ಇವತ್ತಿಗೂ ನಾನು ತಿರುಗುತ್ತೇನೆ. ಓಗೊಟ್ಟವನ ಮುಖ ನೋಡುತ್ತೇನೆ. ಕಾಕಿಯ ಗಂಡನಿಗೆ ಈಗ ಎಪ್ಪತ್ತು ದಾಟಿರಬೇಕು. ಇಲ್ಲಿಯತನಕ ಓಗೊಟ್ಟವರೆಲ್ಲ ಹುಡುಗರು.