ಗಾಡಿ ಖರ್ಚಿನ ಖಾನೆ

ನಮ್ಮ ಅಬ್ಬಾನದು ದಾವಣಗೆರೆಯಲ್ಲಿ ಟ್ರಂಕಿನ ಅಂಗಡಿ. ಅವರು ತಗಡು ಕತ್ತರಿಸಿದರೆ ಅಳತೆ ಒಂದು ನೂಲು ಆಚೀಚೆ ಆಗುತ್ತಿರಲಿಲ್ಲ. ಮನೆ ಖರ್ಚಿಗೂ ಒಂದು ತಗಡಿನ ಪೆಟ್ಟಿಗೆ ಮಾಡಿ, ಒಳಗೆ ಐದು ಖಾನೆ ಕೂರಿಸಿದ್ದರು. ಮನೆ ಬಾಡಿಗೆ, ಜೋಳ-ಅಕ್ಕಿ, ಸೌದೆ, ನನ್ನ ಸ್ಕೂಲು; ಎಲ್ಲಕ್ಕಿಂತ ಸಣ್ಣದು ಗಾಡಿ ಖರ್ಚಿನದು. ನಯಾ ಪೈಸೆ ಆಗಷ್ಟೇ ಬಂದಿತ್ತು, ಹಳೆಯ ಆಣೆಗಳೂ ಅದರ ಜೊತೆ ಬಿದ್ದಿರುತ್ತಿದ್ದವು. ಒಂದು ಖಾನೆಯದನ್ನು ಇನ್ನೊಂದಕ್ಕೆ ಹಾಕುವ ಮಾತೇ ಇರಲಿಲ್ಲ.

ಆ ಸಣ್ಣ ಖಾನೆ ಇದ್ದದ್ದು ಅಮ್ಮಿಗಾಗಿ. ಅಬ್ಬಾ ನಡೆಯುತ್ತಿದ್ದರು, ನಾನೂ ನಡೆಯುತ್ತಿದ್ದೆ. ಅಮ್ಮಿ ಮಾತ್ರ ಬುರ್ಖಾ ಹಾಕಿಕೊಂಡರೂ ಬೀದಿಯಲ್ಲಿ ನಡೆಯಬಾರದು. ಪರದೆ ಕಟ್ಟಿದ ಜಟಕಾ ಬೇಕು, ಅದೂ ನಮ್ಮ ಓಣಿಯ ಮುದುಕನದೇ ಆಗಬೇಕು. ನಮ್ಮ ಮನೆತನದಲ್ಲಿ ಹಾಗೆ ನಡೆದುಬಂದಿತ್ತು.

ಅಮ್ಮಿಯ ತವರು ಹರಿಹರ. ಅವಳ ತಾಯಿ, ನನ್ನ ನಾನಿ, ಅಲ್ಲಿ ಹೊಳೆ ಕಡೆಯ ಓಣಿಯಲ್ಲಿದ್ದರು. ರೈಲಿನ ಟಿಕೆಟು ದೊಡ್ಡ ಮಾತಲ್ಲ. ಇಲ್ಲಿ ಸ್ಟೇಷನ್ನಿಗೆ ಒಂದು ಜಟಕಾ, ಅಲ್ಲಿ ಇಳಿದು ಮನೆಗೆ ಇನ್ನೊಂದು, ತಿರುಗಿ ಬರಲು ಮತ್ತೆರಡು. ಖಾನೆ ಖಾಲಿಯಾಗುತ್ತಿದ್ದದ್ದು ಅದರಿಂದ. ಮೂರು ತಿಂಗಳು ಕೂಡಿಟ್ಟರೆ ಒಂದು ಸಲ ಹರಿಹರ. ಅದಕ್ಕಾಗಿ ಅಮ್ಮಿ ಮದುವೆಗಳನ್ನು ಬಿಟ್ಟಳು, ನಾಮಕರಣಗಳನ್ನು ಬಿಟ್ಟಳು, ಯಾರು ಕರೆಯಲು ಬಂದರೂ ತಲೆನೋವು ಎಂದಳು. ಬಳಗದಲ್ಲಿ ಜಂಬದವಳು ಎನ್ನಿಸಿಕೊಂಡಳು.

ನನಗೆ ಹನ್ನೆರಡು ತುಂಬಿದ ವರ್ಷ ಟೈಫಾಯಿಡ್ ಬಂತು. ಅಮ್ಮಿಯ ಜೊತೆ ಜಟಕಾದಲ್ಲಿ ಡಾಕ್ಟರ ಹತ್ತಿರ ಹೋಗಿ ಬರುವುದರಲ್ಲೇ ಖಾನೆ ಬರಿದಾಯಿತು. ಆಮೇಲೆ ಜಟಕಾದವನು ಬಾಡಿಗೆ ಏರಿಸಿದ. ಹೀಗೆ ಹನ್ನೊಂದು ತಿಂಗಳು ಕಳೆದವು. ಹರಿಹರದಿಂದ ಬರುವ ಎಲೆ ಮಾರುವಾಕೆಯ ಬಳಿ ನಾನಿ ಹೇಳಿ ಕಳಿಸುತ್ತಿದ್ದರು.

"ನಿಮ್ಮವ್ವಗೆ ಕಣ್ಣು ಮಂಜಾಗ್ಯಾವ್ರೀ. ಪೂರಾ ಹೋಗೋದ್ರೊಳಗೆ ಮಗಳ ಮುಖ ನೋಡ್ಬೇಕಂತ ಐತೆ ಅವ್ರಿಗೆ."

"ಗಾಡಿ ಖರ್ಚು ಕೂಡ್ಲಿ, ಬರ್ತೀನಂತ ಹೇಳ್ರಿ," ಎನ್ನುತ್ತಿದ್ದಳು ಅಮ್ಮಿ.

ಒಮ್ಮೆ ಧೈರ್ಯ ಮಾಡಿ ಅಬ್ಬಾನನ್ನೇ ಕೇಳಿದಳು. "ಸೌದೆ ಖಾನೇಲಿ ಒಂದೂವರೆ ರೂಪಾಯಿ ಉಳಿದೈತೆ."

"ಅದು ಬ್ಯಾಡ. ಸೌದೇದು ಸೌದೆಗೆ. ಮುಂದಿನ ತಿಂಗ್ಳು ನೋಡಾಣ."

ಅಬ್ಬಾ ಕೆಟ್ಟವರಲ್ಲ. ಅವರಿಗೆಂದು ಒಂದು ಖಾನೆಯೂ ಆ ಪೆಟ್ಟಿಗೆಯಲ್ಲಿರಲಿಲ್ಲ. ಅದಕ್ಕೇ ಈ ವಯಸ್ಸಿನಲ್ಲೂ ಅವರ ಮೇಲೆ ಮನಸಾರೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗುತ್ತಿಲ್ಲ, ಬಿಡಲೂ ಆಗುತ್ತಿಲ್ಲ.

ಒಂದು ಬೆಳಿಗ್ಗೆ ಮೊದಲ ರೈಲಿಗೆ ಅಮ್ಮಿಯ ತಮ್ಮ ಬಂದರು. ಹೊಸಿಲಲ್ಲೇ ನಿಂತು, "ಆಪಾ, ಅಮ್ಮಾ ಹೋಗ್ಬಿಟ್ರು. ಮಧ್ಯಾಹ್ನ ನಮಾಜಾದ ಮ್ಯಾಲೆ ಮಣ್ಣು ಮಾಡ್ತಾರೆ. ಒಂಬತ್ತರ ಗಾಡಿ ಸಿಕ್ರೆ ಮುಖ ಸಿಗ್ತೈತೆ," ಎಂದರು.

ಅಬ್ಬಾ ಜಟಕಾ ಕರೆಯಲು ಓಡಿದರು. ಮುದುಕ ಪಕ್ಕದ ಹಳ್ಳಿ ಬಾತಿಗೆ ಬಾಡಿಗೆ ಹೋಗಿದ್ದ. ಬೇರೆ ಯಾರನ್ನಾದರೂ ನೋಡುತ್ತೇನೆಂದು ಅವರು ಮತ್ತೆ ಹೊರಡುವಷ್ಟರಲ್ಲಿ ಅಮ್ಮಿ ಬುರ್ಖಾ ಹಾಕಿಕೊಂಡು ಬೀದಿಗೆ ಇಳಿದಿದ್ದಳು.

"ದಾರಿ ತೋರ್ಸು. ಓಡಿದ್ರೆ ಸಿಕ್ರೂ ಸಿಗಬಹುದು," ಎಂದು ನನ್ನ ಕೈ ಹಿಡಿದಳು.

ಸ್ಟೇಷನ್ನಿನ ಮುಂದೆ ಹಾದೇ ನಾನು ದಿನಾ ಸ್ಕೂಲಿಗೆ ಹೋಗುತ್ತಿದ್ದದ್ದು. ನಾನು ಮುಂದೆ, ಅಮ್ಮಿ ಹಿಂದೆ, ಗಂಡಸರಿಬ್ಬರೂ ಅವಳ ಹಿಂದೆ. ಮಸೀದಿಯ ಓಣಿ, ಕಮ್ಮಾರರ ಓಣಿ, ಹತ್ತಿ ಗೋದಾಮಿನ ಗೋಡೆ, ಆಮೇಲೆ ಸ್ಟೇಷನ್. ಈ ಸಂದಿಗಳಲ್ಲಿ ಜಟಕಾ ಹಿಡಿಸುವುದಿಲ್ಲ. ಮಂಡಿಪೇಟೆಯ ಗಾಡಿಗಳ ಸಂದಣಿ ತಪ್ಪಿಸಿ ಊರೆಲ್ಲ ಸುತ್ತಿ ಬರುತ್ತಿತ್ತು. ಪರದೆಯೊಳಗೆ ಕೂತವಳಿಗೆ ಮದುವೆಯಾದಾಗಿನಿಂದ ಸ್ಟೇಷನ್ ಎಂದರೆ ಅಷ್ಟು ದೂರ.

ಸ್ಟೇಷನ್ನಿನ ಗಡಿಯಾರದಲ್ಲಿ ಎಂಟೂಕಾಲು. ರೈಲಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಅಮ್ಮಿ ಬಂದ ದಾರಿಯನ್ನು ತಿರುಗಿ ನೋಡಿದಳು. ನಮ್ಮ ಓಣಿಯ ಮಸೀದಿಯ ಮಿನಾರು ಅಲ್ಲಿಗೇ ಕಾಣುತ್ತಿತ್ತು.

"ಇಷ್ಟೇನಾ?" ಎಂದು ಅಬ್ಬಾನನ್ನು ಕೇಳಿದಳು.

ಅಬ್ಬಾ ಹಳಿ ನೋಡುತ್ತ ನಿಂತರು.

"ನಿಂಗೂ ಗೊತ್ತಿತ್ತಾ?" ಎಂದು ನನ್ನನ್ನು ಕೇಳಿದಳು.

ಗೊತ್ತಿತ್ತು. ದಿನಕ್ಕೆ ಎರಡು ಸಲ ನಡೆಯುತ್ತಿದ್ದೆ. ಅಮ್ಮಿಗೆ ಅದು ಗೊತ್ತಿಲ್ಲವೆಂದು ನನಗೆ ಹೊಳೆದೇ ಇರಲಿಲ್ಲ. ಅವಳ ಕಣ್ಣು ತಪ್ಪಿಸಿ ಹೌದೆಂದು ತಲೆಯಾಡಿಸಿದೆ.

ಹರಿಹರದಲ್ಲೂ ಅವಳು ಜಟಕಾ ಹತ್ತಲಿಲ್ಲ. ನಾನಿಯ ಮುಖ ಸಿಕ್ಕಿತು. ಮನೆ ತುಂಬ ಹೆಂಗಸರು ಅಳುತ್ತಿದ್ದರು, ಅಮ್ಮಿ ಅಳಲಿಲ್ಲ. ಕೆಳಗೆ ಕೂತು, ಬಾಗಿ, ನಾನಿಯ ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು.

"ನಡ್ಕೊಂಡೇ ಬಂದೆ, ಅಮ್ಮಾ."