ಇಸ್ತ್ರಿ ಹಾಕಿದ ನೋಟ್ಸು

ಯಾರನ್ನೇ ಕಂಡರೂ ಚೈತ್ರ ಮೊದಲು ನೋಡುತ್ತಿದ್ದುದು ಅವರ ಬೆರಳುಗಳನ್ನು. ಉಗುಳು ಹಚ್ಚಿ ಹಾಳೆ ತಿರುಗಿಸುವ ಬೆರಳೋ, ಬೋಂಡ ತಿಂದು ಒರೆಸಿಕೊಳ್ಳದ ಬೆರಳೋ, ಪುಟದ ಮೂಲೆ ಮಡಿಸುವ ಬೆರಳೋ ಎಂದು ಒಂದೇ ನೋಟಕ್ಕೆ ಅಳೆದುಬಿಡುತ್ತಿದ್ದಳು. ಈ ಮೂರಕ್ಕೂ ಸೇರದ ಒಂದು ಬೆರಳು ಇಡೀ ಸಂತೆಬಾಚಹಳ್ಳಿಯಲ್ಲಿ ಅವಳಿಗೆ ಸಿಕ್ಕಿರಲಿಲ್ಲ.

ಗೋವಿಂದನಹಳ್ಳಿಯವಳು. ಗ್ರಂಥಾಲಯ ವಿಜ್ಞಾನದಲ್ಲಿ ಎಂ.ಲಿಬ್. ಓದುತ್ತಿದ್ದಳು, ಕೊನೆಯ ವರ್ಷ. ತರಬೇತಿಗೆಂದು ದಿನವೂ ಬಸ್ಸಿನಲ್ಲಿ ಬಂದು ಸಂತೆಬಾಚಹಳ್ಳಿಯ ಮುದ್ದೇಗೌಡ ಸ್ಮಾರಕ ವಾಚನಾಲಯದಲ್ಲಿ ಕೂರುತ್ತಿದ್ದಳು. ಮುದ್ದೇಗೌಡರ ಮಕ್ಕಳು ಅಪ್ಪನ ಹೆಸರಿಗೆ ಒಂದು ಬೋರ್ಡು ಬೇಕೆಂದು ಹಳೆಯ ಅಕ್ಕಿ ಗಿರಣಿಗೆ ಸುಣ್ಣ ಬಳಿಸಿ ಮಾಡಿದ ವಾಚನಾಲಯ ಅದು. ನೋಡಿಕೊಳ್ಳಲು ಇದ್ದ ರವೀಂದ್ರ ಬೆಳಿಗ್ಗೆ ಬೀಗ ತೆಗೆದು, ಪೇಪರಿನಲ್ಲಿ ತನ್ನ ರಾಶಿಯ ಭವಿಷ್ಯ ಓದಿ, ಹಸುವಿಗೆ ಹುಲ್ಲು ಹಾಕಿ ಬರುತ್ತೇನೆಂದು ಹೋದರೆ ಸಂಜೆ ಬೀಗ ಹಾಕುವುದಕ್ಕೇ ಬರುತ್ತಿದ್ದ. ಅಂಥವನಿಂದ ಕಲಿಯುವುದೇನಿದೆ? ಕಲಿಸುವುದೆಲ್ಲ ತನ್ನದೇ ಎಂದು ಚೈತ್ರ ಮೊದಲ ದಿನವೇ ತೀರ್ಮಾನಿಸಿದ್ದಳು.

ಉಪಾಯಗಳಿಗೇನೂ ಅವಳಲ್ಲಿ ಕೊರತೆಯಿರಲಿಲ್ಲ. ಎಣ್ಣೆ ಕಲೆಗೆ ಸೀಮೆಸುಣ್ಣದ ಪುಡಿ ಉದುರಿಸಿ ಮೇಲೆ ಇಟ್ಟಿಗೆ ಹೇರು. ಬೆನ್ನು ಬಿಟ್ಟ ಪುಸ್ತಕಕ್ಕೆ ಮೈದಾ ಗಂಜಿ ಕಾಯಿಸು, ಹುಳ ಹತ್ತದಂತೆ ಅದಕ್ಕೆ ಚಿಟಿಕೆ ಮೈಲುತುತ್ತ ಬೆರೆಸು. ಬೇವಿನ ಸೊಪ್ಪನ್ನು ನೆರಳಲ್ಲಿ ಒಣಗಿಸಿಯೇ ಕಪಾಟಿಗೆ ಇಡು, ಹಸಿಯದನ್ನು ಇಟ್ಟರೆ ಬೂಷ್ಟು ಹಿಡಿಯುತ್ತದೆ. ಹರಿದ ಹಾಳೆಗೆ ಸೆಲ್ಲೋಟೇಪು ಹಚ್ಚುವವರನ್ನು ಮಾತ್ರ ಜೈಲಿಗೆ ಹಾಕಬೇಕು. ಮಡಿಸಿದ ಮೂಲೆಗಳಿಗೆ ಅವಳ ಹತ್ತಿರ ಇಸ್ತ್ರಿಪೆಟ್ಟಿಗೆಯೇ ಇತ್ತು. ಮನೆಯಿಂದ ತಂದು ಮೇಜಿನ ಕೆಳಗೆ ಇಟ್ಟುಕೊಂಡಿದ್ದಳು, ದಿನಕ್ಕೆ ಹತ್ತಿಪ್ಪತ್ತು ಪುಸ್ತಕಗಳ ಕಿವಿ ನೆಟ್ಟಗೆ ಮಾಡುತ್ತಿದ್ದಳು. ಹವ್ಯಾಸವೂ ಇದರದ್ದೇ ಬಾಲ. ಪುಸ್ತಕಗಳೊಳಗೆ ಜನ ಮರೆತುಹೋದದ್ದನ್ನೆಲ್ಲ ಒಂದು ಆಲ್ಬಮ್ಮಿಗೆ ಅಂಟಿಸುತ್ತಿದ್ದಳು: ನಾಗಮಂಗಲದ ಬಸ್ ಟಿಕೀಟು, ಕರಿಘಟ್ಟದ ಕುಂಕುಮದ ಪೊಟ್ಟಣ, ಅರ್ಧ ಮಾತ್ರೆ, ಒಮ್ಮೆ ಒಣಗಿದ ದೋಸೆಯ ಚೂರು. ದೋಸೆಯ ಪಕ್ಕದಲ್ಲಿ ಪುಸ್ತಕದ ನಂಬರನ್ನೂ ತಾರೀಖನ್ನೂ ಬರೆದಿದ್ದಳು, ಅಪರಾಧಿಯ ಹೆಸರು ಗೊತ್ತಿದ್ದರೆ ಅದನ್ನೂ ಬರೆಯುತ್ತಿದ್ದಳೇನೋ.

ಅವಳ ತಾತ್ಸಾರದಲ್ಲಿ ದೊಡ್ಡ ಪಾಲು ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರದು. ವಾಚನಾಲಯ ತುಂಬುತ್ತಿದ್ದುದೇ ಅವರಿಂದ. ಅವರಿಗೆ ಬೇಕಾಗಿದ್ದುದು ಫ್ಯಾನು, ಕುರ್ಚಿ, ಮೊಬೈಲ್ ಚಾರ್ಜಿಗೆ ಒಂದು ಪ್ಲಗ್ಗು. ತಂದದ್ದು ತಮ್ಮದೇ ಗೈಡು. ಕಪಾಟಿನಲ್ಲಿದ್ದ ಮೂರು ಸಾವಿರ ಪುಸ್ತಕಗಳನ್ನು ಗೋಡೆಯೆಂದೇ ತಿಳಿದವರು. ಇವರೇನು ಓದುಗರೇ, ಬಸ್ ಸ್ಟ್ಯಾಂಡಿನಲ್ಲಿ ಕೂರಲು ಜಾಗ ಸಿಗದೆ ಇಲ್ಲಿಗೆ ಬಂದವರು ಎಂದುಕೊಳ್ಳುತ್ತಿದ್ದಳು. ಪಿಸುಗುಟ್ಟಿದರೂ ಸ್ಕೇಲಿನಿಂದ ಮೇಜು ಬಡಿಯುತ್ತಿದ್ದಳು. ಹುಡುಗಿಯರು ಅವಳಿಗೆ 'ಇಸ್ತ್ರಿ ಅಕ್ಕ' ಎಂದು ಹೆಸರಿಟ್ಟಿದ್ದು ಅವಳಿಗೆ ಗೊತ್ತಿರಲಿಲ್ಲ.

ದಿವ್ಯ ಆ ಹುಡುಗಿಯರಲ್ಲಿ ಒಬ್ಬಳು. ಗ್ರಾಮ ಆಡಳಿತ ಅಧಿಕಾರಿ ಪರೀಕ್ಷೆಗೆ ಕಟ್ಟಿದ್ದಳು. ಹಿಂದೆ ಬರೆದ ಎರಡು ಪರೀಕ್ಷೆಗಳಲ್ಲಿ ಕೂದಲೆಳೆಯಲ್ಲಿ ಆಯ್ಕೆ ತಪ್ಪಿತ್ತು. ಇದೂ ಆಗದಿದ್ದರೆ ಓದು ಸಾಕು, ಪಾಂಡವಪುರದ ಕಡೆಯ ಗಂಡು ನೋಡಿದ್ದೇವೆ ಎಂದು ಮನೆಯಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ಭಾನುವಾರ ಪರೀಕ್ಷೆ. ಬುಧವಾರ ಸಂಜೆ ಅವಳ ಬ್ಯಾಗಿನಲ್ಲಿ ನೀರಿನ ಬಾಟಲಿ ಸೋರಿ, ಒಂದು ವರ್ಷ ಕೂತು ಬರೆದ ಎಂಬತ್ತು ಪುಟದ ನೋಟ್ಸು ನೆನೆದ ರೊಟ್ಟಿಯಾಯಿತು.

"ಅಕ್ಕಾ, ಇದ್ನ ಒಣಗ್ಸಕಾಯ್ತದಾ? ಹಾಳೆ ಎಲ್ಲಾ ಅಂಟ್ಕಂಬುಟ್ಟವೆ."

ಚೈತ್ರ ಎರಡೇ ಬೆರಳಲ್ಲಿ ಅದನ್ನು ಎತ್ತಿ ನೋಡಿದಳು. ಒದ್ದೆ ಹತ್ತಿಯಿಂದ ಒಂದು ಅಕ್ಷರ ಒತ್ತಿ ನೋಡಿದಳು, ಶಾಯಿ ಕದಲಲಿಲ್ಲ.

"ನೀರಿನ್ ಬಾಟ್ಲಿ, ಪುಸ್ತಕ ಎರಡ್ನೂ ಒಂದೇ ಬ್ಯಾಗಲ್ ಇಕ್ಕೋರ್ಗೆ ಏನ್ ಏಳದು? ಬುಟ್ಟೋಗು. ನಾಳೆ ಬಾ, ಒಸ ಪುಸ್ತಕದಂಗೆ ಮಾಡ್ಕೊಡ್ತೀನಿ."

ಗುರುವಾರ ಬೆಳಿಗ್ಗೆ ಅವಳು ಹಾಳೆ ಹಾಳೆಗೂ ನಡುವೆ ಪೇಪರು ಇಟ್ಟು, ಪೇಪರಿನ ಮೇಲೆ ಇಸ್ತ್ರಿ ಓಡಿಸುತ್ತ ಹೋದಳು. ಬಿಸಿ ಇರುವಾಗ ಪೇಪರು ಎತ್ತಿದರೆ ಹಾಳೆ ಕಿತ್ತು ಬರುತ್ತದೆ, ಪೂರ್ತಿ ಆರಿದ ಮೇಲೇ ಎತ್ತಬೇಕು ಎನ್ನುವುದು ಅವಳ ನಿಯಮ. ಹಾಗಾಗಿ ಎಂಬತ್ತು ಪುಟ ಮುಗಿಯುವವರೆಗೆ ಒಮ್ಮೆಯೂ ಎತ್ತಿ ನೋಡಲಿಲ್ಲ. ಪಕ್ಕದಲ್ಲಿ ನಿಂತ ದಿವ್ಯಳಿಗೆ, ನಿಮಗೆಲ್ಲ ಪುಸ್ತಕ ಹಿಡಿಯುವುದಕ್ಕೇ ಒಂದು ಪರೀಕ್ಷೆ ಇಡಬೇಕು ಎಂದು ಪಾಠವನ್ನೂ ಹೇಳಿದಳು. ಕೊನೆಗೆ ಆರಿದ ಮೇಲೆ ಮೊದಲ ಪೇಪರು ಎತ್ತಿದಳು. ಹಾಳೆ ನೆಟ್ಟಗೆ, ಗರಿಗರಿಯಾಗಿತ್ತು. ಅದರ ಮೇಲೆ ಒಂದಕ್ಷರವೂ ಇರಲಿಲ್ಲ. ಎರಡನೆಯದೂ ಹಾಗೇ, ಮೂವತ್ತನೆಯದೂ ಹಾಗೇ.

ದಿವ್ಯ ಉಳಿದ ಪೇಪರುಗಳನ್ನೂ ಎತ್ತಿ ಎತ್ತಿ ನೋಡಿದಳು. ಆಮೇಲೆ ಅಳುತ್ತಲೇ ಹೇಳಿದಳು: "ಅದು ಅಳ್ಸೋ ಪೆನ್ನು ಕಣಕ್ಕಾ. ಶ್ರೀರಂಗಪಟ್ಣದಲ್ಲಿ ತಕಂಡಿದ್ದು. ಇಂದ್ಗಡೆ ರಬ್ಬರಲ್ಲಿ ಉಜ್ಜಿದ್ರೆ ಬಿಸಿಗೆ ಒಂಟೋಯ್ತದೆ. ಇಸ್ತ್ರಿಗೂ ಓಯ್ತದೆ ಅಂತ ನಂಗೆ ತೋಚ್ನಿಲ್ಲ."

"ಮೊದ್ಲೇ ಏಳಕಾಯ್ತಿರ್ನಿಲ್ವಾ?"

"ನೀವು ಕೇಳುದ್ರಾ?"

ಚೈತ್ರಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನೀರಿಗೆ ಕದಲದ ಶಾಯಿಯನ್ನು ಪರೀಕ್ಷಿಸಿದವಳು ಬಿಸಿಗೆ ಪರೀಕ್ಷಿಸಿರಲಿಲ್ಲ. ಮೊಬೈಲು ತೆಗೆದು ಹುಡುಕಿದಳು. ಬಿಸಿಗೆ ಹೋದ ಆ ಶಾಯಿ ಕಡು ಚಳಿಗೆ ಮರಳುತ್ತದೆ ಎಂದು ಅಲ್ಲಿ ಯಾರೋ ಮೂವರು ಬರೆದಿದ್ದರು. ಮನೆಯ ಫ್ರಿಜ್ಜಿನ ಚಳಿ ಸಾಲದು. ಊರಿನಲ್ಲಿ ಅಷ್ಟು ಚಳಿ ಇದ್ದದ್ದು ಬಸ್ ನಿಲ್ದಾಣದ ಎದುರು ಕೆಂಪಣ್ಣನ ಬೇಕರಿಯ ಐಸ್‌ಕ್ರೀಮ್ ಪೆಟ್ಟಿಗೆಯಲ್ಲಿ. ಪಪ್ಸು ಸುತ್ತಲು ಹಳೆಯ ಪುಸ್ತಕ ಹರಿಯುತ್ತಾನೆಂದು ಅವನೊಡನೆ ಅವಳು ಎರಡು ಸಲ ಜಗಳವಾಡಿದ್ದಳು. ಈಗ ಅವನ ಮುಂದೆಯೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ನೋಟ್ಸು ಹಿಡಿದು ನಿಂತಳು.

"ಪುಸ್ತಕ ಇಕ್ಕಕಾ? ಯಾಕಮ್ಮಿ, ಈಚೆ ಇದ್ರೆ ಅನ್ನದಂಗೆ ಅಳಸೋಯ್ತದಾ?" ಎಂದು ಕೆಂಪಣ್ಣ ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ನಕ್ಕ. "ಇಕ್ಕು ಇಕ್ಕು. ಕುಲ್ಫಿ ಪಕ್ಕದಲ್ ಇಕ್ಕು. ನನ್ ಕುಲ್ಫಿ ಏನಾದ್ರೂ ಓದಕ್ ಕಲ್ತ್ಕಂಡ್ರೆ ನೀನೇ ಜವಾಬ್ದಾರಿ."

ಇಂಥವನ ಕೈಯಲ್ಲಿ ನಗಿಸಿಕೊಳ್ಳಬೇಕಾಯಿತಲ್ಲ ಎಂದುಕೊಂಡಳು. ನೋಟ್ಸನ್ನು ಕುಲ್ಫಿಯ ಪಕ್ಕದಲ್ಲೇ ಇಟ್ಟು ಬಂದಳು.

ಶುಕ್ರವಾರ ಬೆಳಿಗ್ಗೆ ತೆಗೆದಾಗ ಅಕ್ಷರಗಳು ಮರಳಿದ್ದವು. ತೆಳ್ಳಗೆ, ಬೂದಿ ಬಣ್ಣಕ್ಕೆ, ಆದರೆ ಇದ್ದವು. ಇದ್ದದ್ದಷ್ಟೇ ಅಲ್ಲ, ಒಂದು ವರ್ಷದಲ್ಲಿ ದಿವ್ಯ ಬರೆದು ಉಜ್ಜಿ ಅಳಿಸಿದ್ದೆಲ್ಲವೂ ಎದ್ದು ಬಂದಿತ್ತು. ಅಳಿಸಿ ಮೇಲೆ ಬರೆದ ಕಡೆಯಲ್ಲೆಲ್ಲ ತಪ್ಪು ಸರಿ ಎರಡೂ ಒಂದರ ಮೇಲೊಂದು ಕೂತು, ಅರ್ಧದಷ್ಟು ಪುಟಗಳನ್ನು ಓದುವಂತೆಯೇ ಇರಲಿಲ್ಲ.

"ಇದ್ರಲ್ಲಿ ಏನ್ ಓದ್ಕಳ್ಳಿ ನಾನು? ನಾಡಿದ್ದು ಪರೀಕ್ಷೆ," ಎಂದಳು ದಿವ್ಯ.

"ನೀನು ಗೈಡ್ ಓದ್ಕ ಓಗು. ನಾಳೆ ಮಧ್ಯಾನದೊಳ್ಗೆ ಎಲ್ಲಾ ಬಿಡಿಸಿ ಬರ್ದುಕೊಡ್ತೀನಿ," ಎಂದಳು ಚೈತ್ರ.

ಒಂದು ಹೊಸ ನೋಟ್‌ಬುಕ್ಕು ತೆಗೆದು ಕೂತಳು. ಕೂತದ್ದೇ ಹಳೆಯ ತಾತ್ಸಾರ ಮರಳಿತು. ಕನ್ನಂಬಾಡಿ ಕಟ್ಟೆಯ ಪೂರ್ಣ ಮಟ್ಟ 142.80 ಅಡಿಯಂತೆ! ಮಂಡ್ಯ ಜಿಲ್ಲೆಯ ಹುಡುಗಿ! ಅದರ ಮೇಲೆ 124.80 ಎಂದು ತಿದ್ದಿತ್ತು. ಚೈತ್ರ ತಪ್ಪನ್ನು ಬಿಟ್ಟು ಸರಿಯನ್ನು ಮಾತ್ರ ಬಾಲ್‌ಪೆನ್ನಿನಲ್ಲಿ ಗುಂಡಗೆ ಬರೆದಳು. ಹೀಗೆ ಮುಖ ಸಿಂಡರಿಸುತ್ತ ಮೂವತ್ತು ಪುಟ ದಾಟಿದ ಮೇಲೆ, ಪಂಚಾಯಿತಿ ಕಾಯ್ದೆಯ ಪುಟದ ಅಂಚಿನಲ್ಲಿ ಎರಡು ಬಗೆಯ ಕೈಬರಹ ಕಾಣಿಸಿತು. ಮಾತಾಡಿದರೆ ಸ್ಕೇಲು ಬಡಿಯುತ್ತದೆಂದು ದಿವ್ಯ, ಪಕ್ಕದ ಕುರ್ಚಿಯ ಪ್ರಿಯಾಂಕ ಇಬ್ಬರೂ ಬರೆದು ಬರೆದೇ ಹರಟಿ, ಆಮೇಲೆ ಉಜ್ಜಿಹಾಕಿದ್ದರು.

"ಇಸ್ತ್ರಿ ಅಕ್ಕನ್ನ ನೋಡು. ಯಾರೂ ಓದ್ದೆ ಇರೋ ಪುಸ್ತಕಕ್ಕೆ ಇಸ್ತ್ರಿ ಹಾಕ್ತಾವ್ಳೆ."

"ಅವ್ಳಾದ್ರೂ ಓದ್ತಾಳಾ?"

"ಐದ್ ತಿಂಗಳಿಂದ ಒಂದಿನಾನೂ ಕಂಡಿಲ್ಲ. ಕೊಳೆ ಹುಡ್ಕಕ್ಕೆ ಬಿಚ್ತಾಳೆ ಅಷ್ಟೆಯ. ನಾವಾದ್ರೂ ಗೈಡ್ ಓದ್ತೀವಿ."

ಚೈತ್ರಳ ಮೈಯೆಲ್ಲ ಬೆಂಕಿಯಾಯಿತು. ಇವರಿಗೇನು ಗೊತ್ತು ತಾನು ಓದಿದ್ದು ಎಂದು ಬಾಯೊಳಗೇ ಬೈದಳು. ಬೈಯುತ್ತಲೇ, ಕಡೆಯ ಸಲ ಓದಿದ ಪುಸ್ತಕ ಯಾವುದೆಂದು ನೆನೆಯಲು ಹೋದಳು. ಎದುರಿನ ಕಪಾಟಿನ ಒಂದೊಂದು ಬೆನ್ನೂ ಅವಳಿಗೆ ಗೊತ್ತಿತ್ತು. ಯಾವುದಕ್ಕೆ ಯಾವ ನಂಬರು, ಯಾವುದಕ್ಕೆ ಗೆದ್ದಲು, ಯಾವುದಕ್ಕೆ ತಾನೇ ಗಂಜಿ ಹಚ್ಚಿದ್ದು, ಎಲ್ಲವೂ ಬಾಯಿಪಾಠ. ಒಳಗೆ ಏನಿದೆ ಎಂದು ಮಾತ್ರ ಒಂದರದ್ದೂ ಬಾಯಿಗೆ ಬರಲಿಲ್ಲ. ಪದವಿಯ ಪರೀಕ್ಷೆಗೆ ಒಂದು ಕಾದಂಬರಿ ಇತ್ತು. ಅದನ್ನೂ ಗೈಡಿನಲ್ಲೇ ಓದಿದ್ದಳು. ಅವಳಿಗೆ ನಾಚಿಕೆಯಾಯಿತು, ಕೆಂಪಣ್ಣ ನಕ್ಕಾಗ ಆಗದಷ್ಟು ನಾಚಿಕೆ.

ಪೆನ್ನು ಬಹಳ ಹೊತ್ತು ಅಲ್ಲೇ ನಿಂತಿತ್ತು. ಆಮೇಲೆ ಬರೆಯಿತು.

ಶನಿವಾರ ಮಧ್ಯಾಹ್ನ ದಿವ್ಯ ಬಂದಾಗ ಹೊಸ ನೋಟ್ಸು ತಯಾರಾಗಿತ್ತು. ಅವಳು ಸರಸರನೆ ಪುಟ ತಿರುಗಿಸುತ್ತ ಹೋದಳು, ಒಂದೂ ತಪ್ಪಿರಲಿಲ್ಲ, ಹಳೆಯದಕ್ಕಿಂತ ಸ್ಪಷ್ಟವಾಗಿತ್ತು. ಮುಖ ಅರಳುತ್ತ ಬಂತು. ಪಂಚಾಯಿತಿ ಕಾಯ್ದೆಯ ಹತ್ತಿರ ಕೈ ನಿಂತಿತು. ಅಂಚಿನಲ್ಲಿ ಆ ಮೂರು ಸಾಲುಗಳು, ಚೈತ್ರಳ ಗುಂಡು ಅಕ್ಷರದಲ್ಲಿ, ಇದ್ದ ಹಾಗೇ ಇದ್ದವು.

"ಅಕ್ಕಾ... ಇದ್ಯಾಕೆ ಬರುದ್ರಿ? ಅಳಿಸ್ಬುಟ್ಟಿದ್ನಲ್ಲ."

ಚೈತ್ರ ತಲೆ ಎತ್ತಲಿಲ್ಲ.

"ಅಳಿಸಿದ್ರಲ್ಲಿ ತಪ್ಪಾಗಿರೋದ್ನೆಲ್ಲ ಬರೀದೆ ಬುಟ್ಟಿದೀನಿ ಕಣೆ. ಈ ಮೂರ್ ಸಾಲಲ್ಲಿ ನಂಗೆ ತಪ್ಪು ಕಾಣ್ನಿಲ್ಲ."