ಕೊಂಡಿಯಿಲ್ಲದ ರಾಣಿ ರೂಪಾಯಿ

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಮಾತು ಜೋಡಿಸಲೂ ಬಾರದು, ತಪ್ಪಿದ್ದರೆ ಮನ್ನಿಸಿ. ನಮ್ಮ ಜಾವಗಲ್ಲಿನ ತಮ್ಮಯ್ಯಾಚಾರಿ ತಾತನ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ತಾತ ಬೆಳ್ಳಿ ಕೆಲಸದವರು. ಜನ ಹಳೇ ಕಾಲುಂಗುರ, ಉಡಿದಾರ, ವಿಕ್ಟೋರಿಯಾ ರಾಣಿಯ ಕಾಲದ ರೂಪಾಯಿಗಳನ್ನು ತಂದು ಹಾಕಿ ಹೊಸ ಕಾಲ್ಚೈನು ಮಾಡಿಸಿಕೊಳ್ಳುತ್ತಾರೆ. ಆ ರೂಪಾಯಿಗಳಲ್ಲಿ ಹೆಚ್ಚಿನವಕ್ಕೆ ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿರುತ್ತದೆ, ರಾಣಿಯ ಮುಖ ಸವೆದಿರುತ್ತದೆ. ಅವೆಲ್ಲ ಕರಗಿಸುವುದಕ್ಕೆ. ಅಪರೂಪಕ್ಕೊಂದು, ಸವೆಯದ, ಕೊಂಡಿ ಕಾಣದ ನಾಣ್ಯ ಬಂದರೆ ತಾತ ಕೈಯಿಂದ ದುಡ್ಡು ಕೊಟ್ಟು ಇಟ್ಟುಕೊಳ್ಳುತ್ತಾರೆ. ಅದನ್ನು ಹುಣಸೆಹಣ್ಣು ಹಾಕಿ ಉಜ್ಜಬಾರದು, ಅಂಚು ಹಿಡಿದೇ ಎತ್ತಬೇಕು. ಅವರ ಕಣ್ಣು ಮಂಜಾದ ಮೇಲೆ ಭೂತಗನ್ನಡಿ ಹಿಡಿದು ನೋಡುವುದು, ಅವರ ಅಂಗಡಿಯಲ್ಲಿ ಕೈಕೆಲಸಕ್ಕಿರುವ ನಾನು.

“ಕಿರೀಟದ ಮುತ್ತು ಎಲ್ಲಾ ಐತೇನವ್ವಾ? ರವಿಕೆ ಹೂವು?”

“ಐತೆ ತಾತ. ಎಸಳೂ ಕಾಣ್ತದೆ.”

ಆಗ ಬೊಚ್ಚು ಬಾಯಿ ತುಂಬ ನಗುತ್ತಾರೆ. ನಾಣ್ಯ ಬಟ್ಟೆಗಂಟಿಗೆ ಸೇರುತ್ತದೆ.

ಹೋದ ಸೋಮವಾರ ಬೇಲೂರು ಕಡೆಯ ಇಬ್ಬರು ಹೀರೋ ಹೋಂಡಾದಲ್ಲಿ ಬಂದರು. ಆಗ ನನ್ನ ಕೈಯಲ್ಲಿ ತಾತನ ಪ್ರಾಣದಂಥ ೧೮೬೨ರ ರೂಪಾಯಿ ಇತ್ತು. ದಪ್ಪನೆಯವನು ಬಗ್ಗಿ ನೋಡಿದ.

“ಏನ್ ಆಚಾರ್ರೇ, ಹಳೇಬೀಡಿನ ಹೊಲದಾಗೆ ನಿಧಿ ಕುಡಿಕೆ ಸಿಕ್ತಂತೆ? ನಮ್ಗೇನೂ ಪಾಲಿಲ್ವಾ?”

“ಯಾವ ಕುಡಿಕೆನಪ್ಪಾ? ಇದು ಜನ ತಂದು ಹಾಕಿದ್ದು.”

“ಜನರ ಮೈಮೇಲೆ ಇದ್ದಿದ್ರೆ ಕೊಂಡಿ ಇರ್ತಿತ್ತು ಕಣ್ರೀ. ಇದು ನೆಲದೊಳಗೇ ಮಲ್ಗಿತ್ತು.” ಆಮೇಲೆ ನನ್ನ ಪಾದ ನೋಡಿದ. “ಇವಳೇ ಅಲ್ವಾ ಗಿಡ್ಡಮ್ಮನ ಮಗಳು, ಕಾಲು ಮುಂದಾಗಿ ಹುಟ್ಟಿದೋಳು?”

ನಾನು ಪಾದ ಹಿಂದಕ್ಕೆ ಎಳೆದುಕೊಂಡೆ. ಅದು ನಿಜ. ಸೊಂಟ ಹಿಡಿದವರು ನನ್ನ ಕಾಲಲ್ಲಿ ಒದೆಸಿಕೊಳ್ಳಲು ಮನೆಗೆ ಬರುತ್ತಾರೆ, ಊರಿಗೆಲ್ಲ ಗೊತ್ತು. ನನ್ನ ಹಾಗೆ ಹುಟ್ಟಿದವರಿಗೆ ಅಂಜನ ಹಚ್ಚಿದರೆ ಹೂತಿಟ್ಟ ನಿಧಿ ಕಾಣುತ್ತದೆ ಎಂದು ನಂಬುವವರಿದ್ದಾರೆ. ನಿಧಿ ತೆಗೆಯುವ ಮುಂಚೆ ಏನು ಬಲಿ ಕೊಡುತ್ತಾರೆ ಎನ್ನುವುದನ್ನು ನಾನು ಬರೆಯಲಾರೆ.

“ಉಳಿದಿದ್ದು ಎಲ್ಲೈತೆ ಅಂತ ಇವಳೇ ತೋರಿಸ್ತಾಳೆ ಬಿಡಿ. ಅಮಾವಾಸ್ಯೆಗೆ ಬತ್ತೀವಿ.”

ಅಂದಿನಿಂದ ಅವರು ಬಸ್ ಸ್ಟ್ಯಾಂಡಿನ ಟೀ ಹೋಟೆಲಿನಲ್ಲಿ ಕೂರುತ್ತಾರೆ. ನಾನು ಹಿಂದಿನ ಓಣಿಯಲ್ಲಿ ಓಡಾಡುತ್ತೇನೆ. ಪೊಲೀಸ್ ಸ್ಟೇಷನ್ನಿಗೆ ಹೋದರೆ ಅಲ್ಲೂ ಕುಡಿಕೆ ಎಲ್ಲಿ ಎಂದೇ ಕೇಳುತ್ತಾರೆ ಎಂದು ತಾತನಿಗೆ ಭಯ.

ಇವತ್ತು ತಾತ ಗಂಟು ಬಿಚ್ಚಿದರು. ಒಂದೊಂದಕ್ಕೂ ಕೊಂಡಿ ಇಟ್ಟು, ಊದುಕೊಳವೆ ಊದಿ ಬೆಸೆದರು. ಉರಿ ತಾಗಿ ಕಿರೀಟಗಳು ಕಪ್ಪಾದವು. ಕೊನೆಗೆ ೧೮೬೨ರದ್ದು ಉಳಿಯಿತು.

“ತಾತ, ಅದೊಂದು ಬೇಡ.”

“ಅವ್ರು ಕಂಡಿರೋದೇ ಇದು ಕಣವ್ವಾ. ಕೊಂಡಿ ಹಾಕೋಕೆ ಬಂದಿತ್ತು ಅನ್ನೋಣ. ಹಿಡ್ಕೋ.”

ಇಕ್ಕಳದಲ್ಲಿ ಹಿಡಿದೆ. ಕೊಂಡಿ ಜಾರಿತು. ಅವರು ಬೈಯಲಿಲ್ಲ, ಮತ್ತೆ ಊದಿದರು. ಎಲ್ಲವನ್ನೂ ಕರಿದಾರಕ್ಕೆ ಪೋಣಿಸಿ, “ನಿಮ್ಮನೆ ಒಡವೆ ಇದು. ಊರು ನೋಡ್ಲಿ,” ಎಂದು ನನ್ನ ಕೈಗಿಟ್ಟರು. ಭೂತಗನ್ನಡಿಯನ್ನು ಪೆಟ್ಟಿಗೆಯೊಳಗೆ ಹಾಕಿದರು.

ಸರ ಈಗ ನನ್ನ ಮುಂದಿದೆ, ಇನ್ನೂ ಹೊಗೆ ವಾಸನೆ. ಆ ಇಬ್ಬರು ನಂಬುತ್ತಾರೋ ಇಲ್ಲವೋ ಗೊತ್ತಿಲ್ಲ. ಯಾರಾದರೂ ನೋಡಿದರೇ ತಲೆ ತಗ್ಗಿಸುವವಳು ನಾನು. ನಾಳೆ ಬೆಳಿಗ್ಗೆ ಇದನ್ನು ಕೊರಳಿಗೆ ಹಾಕಿಕೊಂಡು, ಆ ಟೀ ಹೋಟೆಲಿನ ಮುಂದೆಯೇ ಅಂಗಡಿಗೆ ನಡೆದು ಹೋಗುತ್ತೇನೆ.